ಹಪ್ಪಳ ಒಣಗಿಸುತ್ತಿದ್ದ ಅಕ್ಕ, ಮೇಲೆ ನಾನು

(ಮಲ್ಲೇಶ್ವರದಲ್ಲಿ ಒಂದು ಭಾನುವಾರ ಬೆಳಗ್ಗೆ ಗೆಳೆಯರ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದು. ಮೈಕ್ ಕೈಕೊಟ್ಟ ಐದು ನಿಮಿಷ ಇದರಲ್ಲಿಲ್ಲ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಕರೆಪತ್ರದಲ್ಲಿ ನನ್ನ ಹೆಸರಿನ ಕೆಳಗೆ ‘ಪೈಲಟ್’ ಅಂತ ಹಾಕಿದ್ದೀರಿ. ಅದನ್ನು ನೋಡಿ ನಮ್ಮ ಮನೆಯವರು ನಕ್ಕಿದ್ದೇ ನಕ್ಕಿದ್ದು. ನಾನು ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. 41ನೇ ವಯಸ್ಸಿನಲ್ಲಿ ಜಕ್ಕೂರಿನ ಸಣ್ಣ ವಿಮಾನ ನಿಲ್ದಾಣಕ್ಕೆ ಹೋಗಿ ಹಾರುವುದು ಕಲಿತೆ. ಯೂನಿಫಾರಂ ಇಲ್ಲ, ಹೆಗಲ ಮೇಲೆ ಬಂಗಾರದ ಪಟ್ಟಿ ಇಲ್ಲ. ಡಿಸೆಂಬರ್ ಚಳಿಗೆ ಹೆಲ್ಮೆಟ್ ಒಳಗೆ ಮಂಕಿ ಕ್ಯಾಪ್ ಹಾಕಿಕೊಂಡು ಹಾರುವವರ ಪೈಕಿ ನಾನು.

ನಾನು ಹೇಳುತ್ತಿರುವುದು ಅಲ್ಟ್ರಾಲೈಟ್ ವಿಮಾನಗಳ ಬಗ್ಗೆ. ನಮ್ಮ ಕಾನೂನಿನಲ್ಲಿ ಅದರ ಹೆಸರು ಮೈಕ್ರೋಲೈಟ್. ಇಬ್ಬರು ಕೂರುವ ವಿಮಾನ. ಇಬ್ಬರು ಮನುಷ್ಯರು, ಪೆಟ್ರೋಲ್ ಎಲ್ಲ ಸೇರಿ 450 ಕೆಜಿ ಮೀರುವ ಹಾಗಿಲ್ಲ. ಖಾಲಿ ಮಾರುತಿ 800 ಕಾರೇ ಸುಮಾರು 650 ಕೆಜಿ ಇತ್ತು, ಜ್ಞಾಪಕ ಮಾಡಿಕೊಳ್ಳಿ. ಅಲ್ಯೂಮಿನಿಯಂ ಪೈಪುಗಳು, ಮೇಲೆ ಹಾಯಿದೋಣಿಗೆ ಹಾಕುವಂಥ ಡೇಕ್ರಾನ್ ಬಟ್ಟೆ, ಒಂದು ಪುಟ್ಟ ಎಂಜಿನ್. ರೆಕ್ಕೆಯನ್ನು ಬೆರಳಲ್ಲಿ ತಟ್ಟಿದರೆ ತಮಟೆ ತರಹ ಸದ್ದು ಬರುತ್ತದೆ. ಇನ್ನೊಂದು ಬಗೆ ಟ್ರೈಕ್. ಮೇಲೆ ದೊಡ್ಡ ಗಾಳಿಪಟದಂಥ ರೆಕ್ಕೆ, ಕೆಳಗೆ ಮೂರು ಚಕ್ರದ ತೊಟ್ಟಿಲು. ಅದರಲ್ಲಿ ಸ್ಟಿಕ್, ಅಂದರೆ ವಿಮಾನವನ್ನು ವಾಲಿಸುವ, ಏರಿಸಿ ಇಳಿಸುವ ಕೋಲು, ಇಲ್ಲ. ಒಂದು ಅಡ್ಡ ಕಂಬಿ ಹಿಡಿದು ನಿಮ್ಮ ಭಾರವನ್ನು ಅತ್ತ ಇತ್ತ ಸರಿಸಬೇಕು, ಅಷ್ಟೇ.

ಅಮೆರಿಕದಲ್ಲಿ 1982ರಲ್ಲಿ ಒಂದು ನಿಯಮ ಬಂತು. ಖಾಲಿ ತೂಕ 254 ಪೌಂಡ್, ಅಂದರೆ 115 ಕೆಜಿಯೊಳಗೆ ಇದ್ದು, ಒಬ್ಬರೇ ಕೂರುವ ಹಾಗಿದ್ದರೆ ಲೈಸೆನ್ಸೇ ಬೇಡ. ಯಾರು ಬೇಕಾದರೂ ಹಾರಬಹುದು. ನಮ್ಮಲ್ಲಿ ಹಾಗಿಲ್ಲ. ವಿಮಾನಕ್ಕೆ ಡಿಜಿಸಿಎ, ಅಂದರೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ, ನೋಂದಣಿ ಬೇಕು, ಮೈಮೇಲೆ ‘ವಿಟಿ’ ಅಂತ ಶುರುವಾಗುವ ಅಕ್ಷರ ಬೇಕು, ಹಾರಿಸುವವನಿಗೆ ವೈದ್ಯಕೀಯ ಪರೀಕ್ಷೆ, ಲೈಸೆನ್ಸ್ ಬೇಕು. ಇದನ್ನು ಕಿರಿಕಿರಿ ಅನ್ನುವವರು ನಮ್ಮ ಹ್ಯಾಂಗರ್ ಕಟ್ಟೆ ಮೇಲೆ ಕೂತು ಅರ್ಧ ಆಯಸ್ಸು ಕಳೆದಿದ್ದಾರೆ. ನಾನೂ ಬೈದಿದ್ದೇನೆ. ಈಗ ಬೈಯುವುದಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಬೆಂಗಳೂರಿಗೂ ಈ ವಿಮಾನಕ್ಕೂ ಹಳೇ ನಂಟು. ಎಚ್‌ಎಎಲ್ ಎಲ್ಲರಿಗೂ ಗೊತ್ತು, 1940ರಿಂದ ಇದೆ. ಆದರೆ ಫ್ರಾನ್ಸಿನಿಂದ ಬಂದ ಜೋಯೆಲ್ ಕೊಯೆಕ್ಲಿನ್ ಅನ್ನುವವರು ಇದೇ ಊರಲ್ಲಿ ರಾಜ್ ಹಂಸ ಅಂತ ಕಂಪನಿ ಮಾಡಿ ಅಲ್ಟ್ರಾಲೈಟ್ ತಯಾರಿಸಿದರು. ನಟಿ ಕಲ್ಕಿ ಇದ್ದಾರಲ್ಲ, ಅವರ ತಂದೆ. ಅಲ್ಲಿ ತಯಾರಾದ ಎಕ್ಸ್-ಏರ್ ವಿಮಾನಗಳು ಇಂಗ್ಲೆಂಡಿನ ಹುಲ್ಲುಗಾವಲಿನಿಂದಲೂ ಹಾರಿವೆ. ಬೆಂಗಳೂರಿಂದ ಸಾಫ್ಟ್‌ವೇರ್ ಹೋಗುವ ಮುಂಚೆ ರೆಕ್ಕೆ ಹೋಗಿತ್ತು ಅಂತ ನಾನು ಜಂಬ ಕೊಚ್ಚಿಕೊಳ್ಳುವುದುಂಟು.

ಸರಿ, ಹಾರುವುದರಲ್ಲಿ ಅಂಥ ಸುಖ ಏನಿದೆ?

ಜನವರಿ ತಿಂಗಳು, ಬೆಳಗ್ಗೆ ಏಳು ಗಂಟೆ ಅಂದುಕೊಳ್ಳಿ. ಮಂಜು ಆಗಷ್ಟೇ ಸರಿದಿದೆ. ನೆಲ ಇನ್ನೂ ಕಾದಿಲ್ಲ, ಹಾಗಾಗಿ ಗಾಳಿ ಅಲ್ಲಾಡುವುದಿಲ್ಲ. ಥ್ರಾಟಲ್ ಪೂರ್ತಿ ಕೊಟ್ಟರೆ ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದ ಹಾಗಾಗುತ್ತದೆ. ಚಕ್ರದ ಗಡಗಡ ನಿಂತಾಗ ನಿಮಗೆ ಗೊತ್ತಾಗುತ್ತದೆ, ನೆಲ ಬಿಟ್ಟಿರಿ ಅಂತ. ಕಣ್ಣಿಗಿಂತ ಮೊದಲು ಕಿವಿಗೆ, ಕೂತ ಜಾಗಕ್ಕೆ ಗೊತ್ತಾಗುತ್ತದೆ. ದೊಡ್ಡ ವಿಮಾನದ ಕಿಟಕಿಯಲ್ಲಿ ನೀವು ನೋಡುವುದು ಮೋಡ. ಇಲ್ಲಿ 1,000 ಅಡಿ ಮೇಲಿನಿಂದ ಕೆಳಗಿನ ವಾಸನೆ ಕೂಡ ಮೇಲೆ ಬರುತ್ತದೆ. ತರಗೆಲೆ ಸುಟ್ಟ ಹೊಗೆ, ಕೆರೆ ನೀರು, ಯಾರದೋ ಮನೆಯ ಒಗ್ಗರಣೆ. ಒಗ್ಗರಣೆ ವಿಷಯ ಹೇಳಿದರೆ ಯಾರೂ ನಂಬುವುದಿಲ್ಲ. ನೀವೂ ನಂಬಬೇಡಿ, ಆದರೆ ನನಗೆ ಬಂದಿದೆ.

ಮತ್ತೆ ನಿಧಾನ. ಅದೇ ದೊಡ್ಡ ಸುಖ. ನಾವು ಗಂಟೆಗೆ 80, 90 ಕಿಲೋಮೀಟರಲ್ಲಿ ಹೋಗುವವರು. ಒಂದು ದಿನ ಎದುರುಗಾಳಿ 30ಕ್ಕೆ ಬೀಸುತ್ತಿತ್ತು. ಬಳ್ಳಾರಿ ರಸ್ತೆಯ ಪಕ್ಕಕ್ಕೇ ಹಾರುತ್ತಿದ್ದೆ. ದೇವನಹಳ್ಳಿ ಏರ್‌ಪೋರ್ಟ್‌ಗೆ ಹೋಗುವ ವಾಯು ವಜ್ರ ಬಸ್ಸು ನನ್ನನ್ನು ಆರಾಮಾಗಿ ಓವರ್‌ಟೇಕ್ ಮಾಡಿಕೊಂಡು ಹೋಯಿತು. ಬಿಎಂಟಿಸಿ ಬಸ್ಸಿಗೆ ಸೋತ ವಿಮಾನ ನನ್ನದು.

ನಿಧಾನ ಇದ್ದಿದ್ದರಿಂದಲೇ ಕೆರೆಗಳನ್ನು ನೋಡಿದೆ. ಯಲಹಂಕ ಕೆರೆ ತುಂಬಿದರೆ ಕೋಡಿ ಹರಿದು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ ಅಂತ ನಮ್ಮ ತಾತ ಹೇಳುತ್ತಿದ್ದರು. ನೆಲದ ಮೇಲೆ ನಿಂತರೆ ನಿಮಗೆ ಕಾಣುವುದು ಮೂರು ಬೇರೆ ಬೇರೆ ಬೇಲಿ, ಮೂರು ವಾಕಿಂಗ್ ಪಾತ್. ಮೇಲಿನಿಂದ ಬೆಳಗಿನ ಓರೆ ಬಿಸಿಲಲ್ಲಿ ನೋಡಿದರೆ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಹೊಳೆಯುತ್ತವೆ. ಆ ದಾರ ರಾಜಕಾಲುವೆ. ಅದು ಎಲ್ಲೆಲ್ಲಿ ಕಟ್ಟಾಗಿದೆ, ಯಾವ ಲೇಔಟಿನ ಕೆಳಗೆ ನುಗ್ಗಿ ಮಾಯವಾಗಿದೆ ಅನ್ನುವುದೂ ಕಾಣುತ್ತದೆ. ಮಳೆಗಾಲದಲ್ಲಿ ಆ ಬಡಾವಣೆಗೆ ನೀರು ನುಗ್ಗಿತು ಅಂತ ಪೇಪರಲ್ಲಿ ಬಂದಾಗ ನನಗೆ ಆಶ್ಚರ್ಯ ಆಗುವುದಿಲ್ಲ. ಇರಲಿ, ಅದು ಬೇರೆ ಭಾಷಣ.

ಈಗ ಭಯದ ಕಡೆ ಬರೋಣ. ಹಗುರ, ನಿಧಾನ, ನೆಲಕ್ಕೆ ಹತ್ತಿರ. ನನಗೆ ಸುಖ ಕೊಟ್ಟಿದ್ದು ಈ ಮೂರು. ಅಪಾಯ ತರುವುದೂ ಇವೇ ಮೂರು. ಹಗುರ ಅಂದಮೇಲೆ ಗಾಳಿ ಎತ್ತಿ ಹಾಕುತ್ತದೆ. ನಿಧಾನ ಅಂದಮೇಲೆ, ಹಾರುವ ವೇಗಕ್ಕೂ ಬೀಳುವ ವೇಗಕ್ಕೂ ನಡುವೆ ಅಂತರ ಕಡಿಮೆ. ನೆಲಕ್ಕೆ ಹತ್ತಿರ ಅಂದಮೇಲೆ, ಏನಾದರೂ ಆದರೆ ಯೋಚನೆ ಮಾಡುವುದಕ್ಕೆ ಟೈಮ್ ಇಲ್ಲ.

ನಮ್ಮ ಅಕ್ಕನ ಕಥೆ ಹೇಳುತ್ತೇನೆ. ಅಕ್ಕನನ್ನು ಹೆಸರಘಟ್ಟದ ಆಚೆ ಒಂದು ಹಳ್ಳಿಗೆ ಕೊಟ್ಟಿದೆ. ನಾನಿನ್ನೂ ಕಲಿಯುತ್ತಿದ್ದ ಕಾಲ, ಏಪ್ರಿಲ್ ತಿಂಗಳು. ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿದ್ದೆ, ‘ಬೆಳಗ್ಗೆ ಎಂಟಕ್ಕೆ ಟೆರೇಸ್ ಮೇಲಿರು, ಬರ್ತೀನಿ’ ಅಂತ. ಪಕ್ಕದ ಸೀಟಲ್ಲಿ ನಮ್ಮ ಇನ್‌ಸ್ಟ್ರಕ್ಟರ್. ಅಕ್ಕನ ಮನೆ ಅಂತ ಅವರಿಗೆ ಹೇಳಿರಲಿಲ್ಲ.

ಹೋದೆವು. ಎಡಗಡೆ ಕೆಳಗೆ ಟೆರೇಸ್ ಕಾಣಿಸಿತು. ಅಕ್ಕ ಪಂಚೆ ಹಾಸಿ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಸಾಲಾಗಿ ಬಿಳಿ ಬಿಳಿ ಚುಕ್ಕೆ. ನಮ್ಮ ಸದ್ದು ಕೇಳಿ ಎದ್ದು ನಿಂತು ಸೆರಗು ಬೀಸಿದಳು. ನಾನು ಎಡಕ್ಕೆ ವಾಲಿಸಿ ಸುತ್ತಲು ಶುರು ಮಾಡಿದೆ. 1,000 ಅಡಿಯಲ್ಲಿದ್ದೆ ಅಂದುಕೊಂಡಿದ್ದೆ. ನನಗೆ ಗೊತ್ತಿಲ್ಲದೆ 600ಕ್ಕೆ ಇಳಿದಿದ್ದೆ. ಟೆರೇಸ್ ರೆಕ್ಕೆಯ ಕೆಳಗೆ ಮರೆಯಾಗುತ್ತಿತ್ತು, ಅದಕ್ಕೆ ಇನ್ನಷ್ಟು ವಾಲಿಸಿದೆ, ಸ್ಟಿಕ್ ಹಿಂದಕ್ಕೆ ಎಳೆದೆ. ಅಷ್ಟರಲ್ಲಿ ಗಾಳಿ ಬೆನ್ನಿಗೆ ಬಂತು. ಬೆನ್ನಿಗೆ ಗಾಳಿ ಬಂದರೆ ಕೆಳಗಿನ ಹೊಲ, ಮನೆ ಎಲ್ಲ ಜೋರಾಗಿ ಹಿಂದೆ ಓಡುತ್ತವೆ. ‘ಅಯ್ಯೋ, ಸ್ಪೀಡ್ ಜಾಸ್ತಿ ಆಯ್ತು’ ಅಂತ ಕಣ್ಣು ಹೇಳುತ್ತದೆ. ಕಣ್ಣಿನ ಮಾತು ಕೇಳಿ ಥ್ರಾಟಲ್ ಇಳಿಸಿದೆ. ರೆಕ್ಕೆಗೆ ಬೇಕಾಗಿದ್ದು ಗಾಳಿಯ ವೇಗ. ಅದು ಕಡಿಮೆಯಾಗುತ್ತಾ ಇತ್ತು.

ಸ್ಟಿಕ್ ಮೆತ್ತಗಾಯಿತು. ಹಳಸಿದ ಮುದ್ದೆ ಒಳಗೆ ಕೋಲು ಆಡಿಸಿದ ಹಾಗೆ. ಅದೊಂದೇ ಸೂಚನೆ. ನಾನು ಇನ್ನೂ ಹಪ್ಪಳ ನೋಡುತ್ತಿದ್ದೆ. ಪಕ್ಕದಿಂದ ಒಂದು ಕೈ ಬಂದು ಸ್ಟಿಕ್ ಮುಂದಕ್ಕೆ ತಳ್ಳಿತು. ಮೂಗು ಕೆಳಗೆ ಹೋಯಿತು, ರೆಕ್ಕೆ ಮಟ್ಟವಾಯಿತು, ಎಂಜಿನ್ ಪೂರ್ತಿ ಕೂಗಿತು. ಹೊಟ್ಟೆ ಬಾಯಿಗೆ ಬಂತು. ಸುಮಾರು 150 ಅಡಿ ಕಳೆದುಕೊಂಡು ಮತ್ತೆ ಮೇಲೆದ್ದೆವು.

ಇಳಿಯುವ ತನಕ ಅವರು ಒಂದು ಮಾತಾಡಲಿಲ್ಲ. ಟೀ ಬಂದ ಮೇಲೆ ಲೋಟ ಕೈಗೆ ಕೊಟ್ಟು ಹೇಳಿದರು: ‘ರೀ, ನಿಮ್ಮ ಅಕ್ಕನ್ನ ನೋಡೋಕೆ ಬಸ್ಸಲ್ಲಿ ಹೋಗಿ.’ ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ‘ಎಲ್ರೂ ಯಾರದಾದ್ರೂ ಮನೆ ಸುತ್ತೋಕೇ ಹೋಗೋದು’ ಅಂದರು.

ಆಮೇಲೆ ಪೇಪರ್ ಮೇಲೆ ಲೆಕ್ಕ ಬರೆದು ತೋರಿಸಿದರು. ಸುಮ್ನೆ ನೇರ ಹಾರುವಾಗ ನಮ್ಮ ವಿಮಾನ 60 ಕಿಲೋಮೀಟರ್ ವೇಗಕ್ಕೆ ಇಳಿದರೆ ಸ್ಟಾಲ್ ಆಗುತ್ತಿತ್ತು. ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದಲ್ಲ, ಕಾರು ಓಡಿಸುವವರು ಹಾಗಂದುಕೊಳ್ಳುತ್ತಾರೆ. ರೆಕ್ಕೆ ಗಾಳಿಯ ಮೇಲಿನ ಹಿಡಿತ ಬಿಡುವುದು. 45 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿದರೆ 71 ಕಿಲೋಮೀಟರಿಗೇ ಹಿಡಿತ ಬಿಡುತ್ತದೆ. 60 ಡಿಗ್ರಿ ವಾಲಿಸಿದರೆ 85ಕ್ಕೆ. ಯಾಕೆ ಅಂದರೆ ಆಗ ರೆಕ್ಕೆ ವಿಮಾನದ ತೂಕದ ಎರಡರಷ್ಟು ಹೊರಬೇಕು. ನಾವು ಹಾರುವುದೇ 85ರ ಆಸುಪಾಸಿನಲ್ಲಿ! ಒಂದು ರೆಕ್ಕೆ ಮೊದಲು ಹಿಡಿತ ಬಿಟ್ಟರೆ ವಿಮಾನ ಬುಗುರಿ ತರಹ ತಿರುಗಿಕೊಂಡು ಕೆಳಗೆ ಬರುತ್ತದೆ. ಅದೇ ಸ್ಪಿನ್. ಬಿಡಿಸಿಕೊಳ್ಳುವುದಕ್ಕೆ ನೂರಾರು ಅಡಿ ಬೇಕು.

ಜರ್ಮನಿಯ ಓಟೋ ಲಿಲಿಯೆಂತಾಲ್ ಗ್ಲೈಡರಿನಲ್ಲಿ 2,000ಕ್ಕೂ ಹೆಚ್ಚು ಸಲ ಹಾರಿದವರು. 1896ರ ಆಗಸ್ಟಿನಲ್ಲಿ ಅವರನ್ನು ಬೀಳಿಸಿದ್ದೂ ಇದೇ ಸ್ಟಾಲ್. ಬಿದ್ದಿದ್ದು ಸುಮಾರು 15 ಮೀಟರ್ ಎತ್ತರದಿಂದ.

ಅವತ್ತು ಸಂಜೆ ಅಕ್ಕ ಫೋನ್ ಮಾಡಿದ್ದಳು. ‘ಚೆನ್ನಾಗಿ ಸುತ್ತಿದೆ ಕಣೋ. ಕೊನೇಲಿ ಅದೇನು ಸ್ಟೈಲಾಗಿ ಧುಮುಕಿದೆ! ಇವರು ಚಪ್ಪಾಳೆ ಹೊಡೆದರು’ ಅಂದಳು.

ಎಂಜಿನ್ ವಿಷಯಕ್ಕೆ ಬರೋಣ, ಅದನ್ನು ಕೇಳುವುದಕ್ಕೇ ನೀವೆಲ್ಲ ಬಂದಿರುವುದು. ನಮ್ಮ ಕಾಲದಲ್ಲಿ ಹೆಚ್ಚಾಗಿ ಇದ್ದಿದ್ದು ರೋಟಾಕ್ಸ್ 582. ಎರಡು ಸಿಲಿಂಡರ್, ಟೂ-ಸ್ಟ್ರೋಕ್, ಸುಮಾರು 65 ಅಶ್ವಶಕ್ತಿ. ಇಲ್ಲಿ ಯೆಜ್ಡಿ ಓಡಿಸಿದವರು ಇದ್ದೀರಾ? ಮೈಸೂರಿನಲ್ಲಿ ತಯಾರಾಗುತ್ತಿತ್ತಲ್ಲ, ಅದು. ಆರ್‌ಎಕ್ಸ್ 100? ಹಾಗಾದರೆ ನಿಮಗೆ ವಿವರಿಸುವುದೇ ಬೇಡ. ಆಯಿಲ್ ಕಡಿಮೆ ಆಯಿತು, ಬಿಸಿ ಜಾಸ್ತಿ ಆಯಿತು ಅಂದರೆ ಎಂಜಿನ್ ‘ಸೀಜ್’. ಗಾಡಿಯಾದರೆ ಕ್ಲಚ್ ಹಿಡಿದು ರಸ್ತೆ ಪಕ್ಕ ನಿಲ್ಲಿಸಿ, ಒಂದು ಸಿಗರೇಟು ಸೇದಿ, ಮೆಕ್ಯಾನಿಕ್‌ಗೆ ಹೇಳಿಕಳಿಸಬಹುದು. ಇಂಥ ಟೂ-ಸ್ಟ್ರೋಕ್ ಎಂಜಿನ್ ಇದ್ದಕ್ಕಿದ್ದಂತೆ ನಿಲ್ಲಬಹುದು, ಎಂಜಿನ್ ಇಲ್ಲದೆ ಇಳಿಯಲಾಗದ ಜಾಗದ ಮೇಲೆ ಹಾರಬೇಡಿ ಅಂತ ತಯಾರಿಸಿದವರೇ ಕೈಪಿಡಿಯಲ್ಲಿ ಎಚ್ಚರಿಕೆ ಕೊಡುತ್ತಾರೆ. ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಕಂಪನಿ ನಾನು ಇನ್ನೊಂದು ನೋಡಿಲ್ಲ. ಈಗ ನಾಲ್ಕು ಸ್ಟ್ರೋಕಿನ 912 ಬಂದಿದೆ, ನಂಬಿಕೆಗೆ ಎಷ್ಟೋ ವಾಸಿ. ಆದರೂ ಅಭ್ಯಾಸ ಬಿಡಬಾರದು.

ಎಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಮೂಗು ಕೆಳಗೆ ಮಾಡಿ ವೇಗ ಉಳಿಸಿಕೊಂಡರೆ ತೇಲಿಕೊಂಡು ಬರುತ್ತದೆ. 1,000 ಅಡಿಯಿಂದ ಸುಮಾರು ಎರಡು ಕಿಲೋಮೀಟರ್. ಅಷ್ಟರೊಳಗೆ ಒಂದು ಹೊಲ ಬೇಕು. ಕುಯ್ಲಾದ ರಾಗಿ ಹೊಲ ಸಿಕ್ಕರೆ ಪುಣ್ಯ. ಕರೆಂಟ್ ತಂತಿ ಮೇಲಿನಿಂದ ಕಾಣುವುದೇ ಇಲ್ಲ. ನಮಗೆ ಕಲಿಸಿದ್ದು ‘ತಂತಿ ಹುಡುಕಬೇಡ, ಕಂಬ ಹುಡುಕು’ ಅಂತ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ಲೆಕ್ಕ.

ಕಷ್ಟ ಇರುವುದು ಟೇಕಾಫ್ ಆದ ತಕ್ಷಣ. 200 ಅಡಿಯಲ್ಲಿ ಎಂಜಿನ್ ನಿಂತರೆ ಹಿಂದೆ ತಿರುಗಿ ರನ್‌ವೇಗೆ ಬರೋಣ ಅಂತ ಮನಸ್ಸು ಎಳೆಯುತ್ತದೆ. ತಿರುಗಿದರೆ ಅಕ್ಕನ ಟೆರೇಸಿನ ಲೆಕ್ಕವೇ, ಈ ಸಲ ಥ್ರಾಟಲ್ ಕೂಡ ಇಲ್ಲ. ಮುಂದೆ ಏನಿದೆಯೋ ಅದರಲ್ಲೇ ಇಳಿಯಬೇಕು. ಜಕ್ಕೂರಿನಲ್ಲಿ ವಿಮಾನ ಹಾರಲು ಶುರುವಾದ ಕಾಲಕ್ಕೆ ಸುತ್ತ ಹೊಲ, ತೋಪು. ಈಗ ಅಪಾರ್ಟ್‌ಮೆಂಟ್, ಒಂದು ಕಡೆ ಎತ್ತರಿಸಿದ ಹೆದ್ದಾರಿ. ಆ ಹೆದ್ದಾರಿಯಿಂದಾಗಿ ರನ್‌ವೇಯ ಬಳಕೆಗೇ ಪೆಟ್ಟು ಬಿತ್ತು. ಒಂದು ಬದಿಗೆ ಯಲಹಂಕ ವಾಯುನೆಲೆ, ಇನ್ನೊಂದು ಬದಿಗೆ ದೇವನಹಳ್ಳಿಯ ದೊಡ್ಡ ವಿಮಾನಗಳು. ಆಕಾಶ ವಿಶಾಲ ಅಂತ ಕವಿಗಳು ಬರೆಯಲಿ. ನಮ್ಮ ಪಾಲಿನ ಆಕಾಶ ಒಂದು 30×40 ಸೈಟು, ಅದಕ್ಕೂ ಪರ್ಮಿಷನ್ ಬೇಕು.

ಎತ್ತರದ ವಿಷಯ ಒಂದಿದೆ, ಇದನ್ನು ಬೆಂಗಳೂರಿನವರು ಮರೆಯುತ್ತಾರೆ. ನಾವು ಈಗ ಕೂತಿರುವುದೇ ಸಮುದ್ರಮಟ್ಟದಿಂದ 3,000 ಅಡಿ ಮೇಲೆ. ಗಾಳಿ ಮೊದಲೇ ತೆಳು. ಏಪ್ರಿಲ್‌ನಲ್ಲಿ 32 ಡಿಗ್ರಿ ಬಿಸಿಲಾದರೆ ಗಾಳಿ ಇನ್ನೂ ತೆಳುವಾಗುತ್ತದೆ. ಲೆಕ್ಕ ಹಾಕಿದರೆ ಸುಮಾರು 5,700 ಅಡಿ ಎತ್ತರದ ಗಾಳಿಗೆ ಸಮ. ನಂದಿ ಬೆಟ್ಟದ ತುದಿಯೇ 4,850 ಅಡಿ. ರನ್‌ವೇ ಇದ್ದಲ್ಲೇ ಇರುತ್ತದೆ, ಗಾಳಿ ಮಾತ್ರ ಬೆಟ್ಟ ಹತ್ತಿ ಕೂತಿರುತ್ತದೆ. ಎಂಜಿನ್ನಿಗೆ ದಮ್ಮು ಕಡಿಮೆ, ರೆಕ್ಕೆಗೆ ಆಸರೆ ಕಡಿಮೆ, ನೆಲ ಬಿಡಲು ದೂರ ಜಾಸ್ತಿ ಬೇಕು. ಅದೇ ಬಿಸಿಲಿಗೆ ನೆಲದಿಂದ ಬಿಸಿಗಾಳಿ ಕಂಬದ ಹಾಗೆ ಏಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುವ ಜಾಗ ಅದೇ. ಅವಕ್ಕೆ ಆಟ, ನಮಗೆ ಗುಂಡಿ ಬಿದ್ದ ರಸ್ತೆ. ಒಂಬತ್ತು ಗಂಟೆಗೆಲ್ಲ ಹ್ಯಾಂಗರ್ ಬಾಗಿಲು ಹಾಕುವುದು ಅದಕ್ಕೇ, ಸೋಮಾರಿತನಕ್ಕಲ್ಲ.

ಹಾರುವ ಮುಂಚಿನ ತಪಾಸಣೆ ಬಗ್ಗೆ ಗಂಟೆಗಟ್ಟಲೆ ಹೇಳಬಹುದು, ಒಂದೇ ಹೇಳುತ್ತೇನೆ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಒಂದು ಮುಂಜಾನೆ ತಳದಲ್ಲಿ ಸಬ್ಬಕ್ಕಿ ಕಾಳಿನ ಹಾಗೆ ನಾಲ್ಕು ಉಂಡೆ ಉರುಳಾಡುತ್ತಿದ್ದವು. ನೀರು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ಚಳಿಗೆ ಕೂತ ಹನಿ. ಅದು ಕಾರ್ಬುರೇಟರಿಗೆ ಹೋಗುವುದು ಸರಿಯಾಗಿ ಆ 200 ಅಡಿಯಲ್ಲೇ ಆಗಿರುತ್ತಿತ್ತು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ, ಅದು ನೀರನ್ನು ಇನ್ನೂ ಸಲೀಸಾಗಿ ಹೀರುತ್ತದೆ. ರೋಟಾಕ್ಸಿನವರು ಒಪ್ಪುವುದು ಶೇಕಡಾ 10ರವರೆಗೆ. ಹಾಗಾಗಿ ಯಾವ ಪೆಟ್ರೋಲ್ ಅಂತ ಕೇಳುವುದೂ ತಪಾಸಣೆಯ ಭಾಗವೇ ಆಗಿದೆ. ಅವತ್ತು ಟ್ಯಾಂಕ್ ಪೂರ್ತಿ ಖಾಲಿ ಮಾಡುವಷ್ಟರಲ್ಲಿ ಬಿಸಿಲೇರಿತ್ತು. ಹಾರದೆ ವಾಪಸ್ ಬಂದೆ. ಯಲಹಂಕದಲ್ಲಿ ಇಡ್ಲಿ ವಡೆ ತಿಂದೆ. ಹಾಗೆ ವಾಪಸ್ ಬಂದ ದಿನಗಳ ಲೆಕ್ಕ ನಾನು ಡೈರಿಯಲ್ಲಿ ಬೇರೆ ಇಟ್ಟಿದ್ದೇನೆ. ಹಾರಿದ ದಿನಗಳಿಗೆ ಅಷ್ಟೇನೂ ಕಡಿಮೆ ಇಲ್ಲ.

ಪ್ಯಾರಾಚೂಟ್ ಬಗ್ಗೆ ಕೇಳುತ್ತೀರಿ, ಗೊತ್ತು. ಇದೆ. ಅಮೆರಿಕದ ಬೋರಿಸ್ ಪೊಪೋವ್ 1975ರಲ್ಲಿ ಹ್ಯಾಂಗ್ ಗ್ಲೈಡರ್ ಕೈಕೊಟ್ಟು ಕೆರೆಗೆ ಬಿದ್ದು ಬದುಕಿದವರು. ಆಮೇಲೆ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಮಾಡುವ ಕಂಪನಿ ಕಟ್ಟಿದರು. ಹಿಡಿ ಎಳೆದರೆ ಪುಟ್ಟ ರಾಕೆಟ್ಟು ಅದನ್ನು ಹೊರಗೆಳೆಯುತ್ತದೆ. ಒಳ್ಳೆಯ ವಸ್ತು. ಆದರೆ ಬಿಚ್ಚಿಕೊಳ್ಳಲು ಎತ್ತರ ಬೇಕು, ತೂಕವೂ ಇದೆ. ನಾನು ಹಾರಿದ ವಿಮಾನದಲ್ಲಿ ಇರಲಿಲ್ಲ.

ಇನ್ನು ಪ್ರಶ್ನೆಗಳು. ಕೆಲವನ್ನು ಮಾತ್ರ ಬರೆದಿದ್ದೇನೆ.

ಒಬ್ಬ ಹುಡುಗಿ ಕೇಳಿದಳು: ‘ಸರ್, ಬರೀ ಒಂದು ರೌಂಡ್ ಹೋಗಿ ಬರೋರು ಏನು ನೋಡ್ಕೋಬೇಕು?’ ಪೈಲಟ್ ಲೈಸೆನ್ಸ್ ಕೇಳಮ್ಮ, ನಾಚಿಕೆ ಬೇಡ. ವಿಮಾನದ ಮೇಲೆ ವಿಟಿ ಅಕ್ಷರ ಇದೆಯಾ ನೋಡು. ತೂಕ ಸುಳ್ಳು ಹೇಳಬೇಡ, ನಮ್ಮ ಕಡೆ 90 ಕೆಜಿಯ ಅಂಕಲ್‌ಗಳು 75 ಅಂತಾರೆ. ಟ್ರೈಕ್ ಆದರೆ ಪ್ರೊಪೆಲ್ಲರ್ ಬೆನ್ನ ಹಿಂದೆ ಇರುತ್ತದೆ. ಸೆಲ್ಫಿ ತೆಗೆಯುವಾಗ ಜಾರಿದ ಫೋನ್, ಟೋಪಿ, ದುಪಟ್ಟಾ ಎಲ್ಲ ಸೀದಾ ಅದಕ್ಕೇ ಹೋಗುವುದು. ಮತ್ತೆ, ಪೈಲಟ್ ‘ಇವತ್ತು ಗಾಳಿ ಸರಿ ಇಲ್ಲ, ಆಗಲ್ಲ’ ಅಂದರೆ ಜಗಳ ಆಡಬೇಡ. ದೂರದಿಂದ ಬಂದಿದ್ದೀವಿ ಅಂತ ಜನ ಒತ್ತಾಯ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ.

‘ಕಾಲೇಜು ಮಕ್ಕಳಿಗೆ ಅವಕಾಶ ಇದೆಯಾ?’ ಎನ್‌ಸಿಸಿ ಏರ್ ವಿಂಗ್ ಸೇರಿಸಿ. ಸ್ಲೊವೇನಿಯಾ ದೇಶದ ಪಿಪಿಸ್ಟ್ರೆಲ್ ಕಂಪನಿಯ ಮೈಕ್ರೋಲೈಟುಗಳು ಅವರ ಹತ್ತಿರ ಇವೆ. ನಮಗೆ ಆ ಭಾಗ್ಯ ಇರಲಿಲ್ಲ.

‘ಈಗಲೂ ಹಾರ್ತೀರಾ?’ ಬಿಪಿ ಮಾತ್ರೆ ಶುರುವಾದ ಮೇಲೆ ಒಬ್ಬನೇ ಹೋಗುವುದು ಬಿಟ್ಟೆ. ಯಾರೂ ಬಿಡಿ ಅನ್ನಲಿಲ್ಲ, ನಾನೇ ಬಿಟ್ಟೆ. ಚಳಿಗಾಲದಲ್ಲಿ ಎರಡು ಮೂರು ಸಲ ಗೆಳೆಯರ ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ಬಾಟಲಿ ಬೆಳಕಿಗೆ ಹಿಡಿಯುವ ಕೆಲಸ ಮಾತ್ರ ನನ್ನದೇ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಕೇಳಿದರು: ‘ಆ ಧುಮುಕಿದ್ದು ಯಾಕೆ ಅಂತ ಅಕ್ಕನಿಗೆ ಹೇಳಿದ್ರಾ?’

ಇಲ್ಲ. ಇಷ್ಟು ವರ್ಷ ಆಯಿತು, ಈಗಲೂ ಮದುವೆ ಮುಂಜಿಗಳಲ್ಲಿ ನನ್ನನ್ನು ತೋರಿಸಿ ಅದೇ ಕಥೆ ಹೇಳುತ್ತಾಳೆ. ಭಾವ ಪಕ್ಕದಲ್ಲಿ ನಿಂತು ಕೈಯಲ್ಲಿ ಧುಮುಕಿ ತೋರಿಸುತ್ತಾರೆ. ಈ ಮಾತನ್ನು ಬರೆದುಕೊಡಿ ಅಂತ ನೀವು ಕೇಳಿದ್ದೀರಿ. ಬರೆದರೆ ಅವಳ ಮೊಮ್ಮಗ ಓದಿ ಹೇಳಿಯೇ ಹೇಳುತ್ತಾನೆ. ಯುಗಾದಿಗೆ ಅವಳ ಮನೆಗೆ ಊಟಕ್ಕೆ ಹೋಗಬೇಕು, ಬಸ್ಸಲ್ಲಿ.